ಜಗತಿಯ ಮೇಲಿನ ಡ್ರ್ಯಾಗನ್

ಪಡುಬಿದ್ರಿಯಿಂದ ನಂದಿಕೂರು, ಬೆಳ್ಮಣ್ಣುಗಳ ಮೂಲಕ ಕಾರ್ಕಳಕ್ಕೆ ಸಾಗುವ ದಾರಿ ಕಡಲ ತೀರವನ್ನು ಬಸದಿಗಳ ನಾಡಿಗೆ ಬೆಸೆಯುತ್ತದೆ. ಕಾರ್ಕಳದ ಆಚೆ ಮೂಡುಬಿದಿರೆಯಲ್ಲಿ 1430ರಲ್ಲಿ ನಿರ್ಮಾಣಗೊಂಡ ತ್ರಿಭುವನತಿಲಕ ಚೂಡಾಮಣಿ ಬಸದಿ, ಜನರ ಬಾಯಲ್ಲಿ ಸಾವಿರ ಕಂಬದ ಬಸದಿ, ಇದೆ. ಅಲ್ಲಿನ ಭೈರಾದೇವಿ ಮಂಟಪದ ಜಗತಿಯಲ್ಲಿ ಜಿರಾಫೆ ಮತ್ತು ಚೀನೀ ಡ್ರ್ಯಾಗನ್‌ಗಳ ಉಬ್ಬುಶಿಲ್ಪಗಳಿವೆ. ತುಳುನಾಡಿನ ಕಾಡಿನಲ್ಲಿ ಇವೆರಡೂ ಇಲ್ಲ; ಎರಡನೆಯದು ಯಾವ ಕಾಡಿನಲ್ಲಿಯೂ ಇಲ್ಲ. ಹಾಗಾದರೆ ಶಿಲ್ಪಿ ಕಂಡದ್ದೇನನ್ನು?

1405ರಿಂದ 1433ರವರೆಗೆ ಝೆಂಗ್ ಹೆಯ ಚೀನೀ ನೌಕಾಪಡೆ ಕಲ್ಲಿಕೋಟೆಗೆ ಮತ್ತೆ ಮತ್ತೆ ಬಂದಿತು. ಅಂದಿನ ಚೀನಾದ ಹೆಸರಾಂತ ಸರಕುಗಳಲ್ಲೊಂದು ಜಿಂಗ್‌ಡೆಝೆನ್‌ನ ನೀಲಿ-ಬಿಳಿ ಪಿಂಗಾಣಿ. ಹಸಿಯ ಪಾತ್ರೆಯ ಮೇಲೆ ಕೋಬಾಲ್ಟ್‌ನಿಂದ ಚಿತ್ರ ಬರೆದು, ಗಾಜಿನಂಥ ಲೇಪ ಹಚ್ಚಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಿದ್ದರು. ಡ್ರ್ಯಾಗನ್, ಫೀನಿಕ್ಸ್, ಮೀನು, ಚಿಲಿನ್ ಅದರ ಮೆಚ್ಚಿನ ಜೀವಿಗಳು. ಇಂಥ ಪಿಂಗಾಣಿಯ ಚೂರುಗಳು ಹಂಪಿಯ ಉತ್ಖನನಗಳಲ್ಲಿಯೂ ದೊರೆತಿವೆ. ಆದ್ದರಿಂದ ಜಗತಿಯ ಡ್ರ್ಯಾಗನ್ ತಟ್ಟೆಯಿಂದ ಕಲ್ಲಿಗೆ ಇಳಿದಿರಬಹುದೆಂಬ ಊಹೆ ಅಸಂಗತವಲ್ಲ. ರೇಷ್ಮೆಯ ಬಟ್ಟೆಯೂ ಅದೇ ಚಿತ್ರವನ್ನು ಹೊತ್ತು ತರುತ್ತಿತ್ತೆಂಬುದನ್ನು ಮಾತ್ರ ಮರೆಯಬಾರದು.

ಜಿರಾಫೆಯ ವಿಷಯ ಬೇರೆ. 1414ರಲ್ಲಿ ಬಂಗಾಳದ ಸುಲ್ತಾನನೂ ಮರುವರ್ಷ ಆಫ್ರಿಕದ ಮಲಿಂದಿಯೂ ಚೀನಾದ ಆಸ್ಥಾನಕ್ಕೆ ಜಿರಾಫೆಗಳನ್ನು ಕಳುಹಿಸಿದಾಗ, ಅಲ್ಲಿನವರು ಅದನ್ನು ಮಂಗಳಸೂಚಕವಾದ ಚಿಲಿನ್ ಎಂದೇ ಕೊಂಡಾಡಿದರು. ಆದರೆ ಪಿಂಗಾಣಿಯ ಚಿಲಿನ್‌ಗೆ ಮೈತುಂಬ ಹುರುಪೆ, ಗಿಡ್ಡ ಕತ್ತು. ಮೂಡುಬಿದಿರೆಯ ನೀಳಗತ್ತಿನ ಪ್ರಾಣಿಯನ್ನು ಆ ತಟ್ಟೆಗಳಲ್ಲಿ ಹುಡುಕಿ ಫಲವಿಲ್ಲ. ಅದರ ಜಾಡನ್ನು ಪೂರ್ವ ಆಫ್ರಿಕಕ್ಕೂ ಕರಾವಳಿಯ ಬಂದರುಗಳಿಗೂ ನಡುವೆ ಓಡಾಡುತ್ತಿದ್ದ ಅರಬ್ಬೀ ವರ್ತಕರ ಕಡೆ ಅರಸುವುದೇ ಸೂಕ್ತ.