ಆನಂದಪುರದ ಹೊಲೆಯರು ಕೇಳಿದ್ದೇನು?

ಕೊಡಗಿನ ಚರಿತ್ರೆ ಬರೆದವರು ಮೊದಲು ರಾಜರ ಬಗ್ಗೆ ಬರೆದರು. ರಾಜರು ಮುಗಿದ ಮೇಲೆ ಬಿಳಿ ದೊರೆಗಳ ಬಗ್ಗೆ ಬರೆದರು. ದೊರೆಗಳು ಮುಗಿದ ಮೇಲೆ ದಂಡನಾಯಕರ ಬಗ್ಗೆ, ಕಾಫಿಯ ಬಗ್ಗೆ, ಮಂಜಿನ ಬಗ್ಗೆ ಬರೆದರು. ಭತ್ತದ ಗದ್ದೆಯ ಕೆಸರಿನಲ್ಲಿ ಸೊಂಟ ಬಗ್ಗಿಸಿ ನಿಂತಿದ್ದವನ ಬಗ್ಗೆ ಬರೆಯುವ ಪುರುಸೊತ್ತು ಹೆಚ್ಚಿನವರಿಗೆ ಸಿಗಲಿಲ್ಲ. ಅವನು ಆ ಪುಸ್ತಕಗಳಲ್ಲಿ ಕಾಣಿಸಿಕೊಳ್ಳುವುದು ಜಮೀನಿನ ಲೆಕ್ಕ ಬಂದಾಗ, ಎತ್ತು ನೇಗಿಲುಗಳ ಪಕ್ಕದಲ್ಲಿ. ಅವನನ್ನು ಹುಡುಕಿಕೊಂಡು ಹೊರಟರೆ ನಾವು ಒಬ್ಬ ಜರ್ಮನ್ ಪಾದ್ರಿಯ ಹಿಂದೆ ನಡೆಯಬೇಕಾಗ್ತದೆ. ನಮ್ಮ ಚರಿತ್ರೆಯ ಪಾಡೇ ಇದು. ಇನ್ನೊಬ್ಬರ ಚೀಲದಲ್ಲಿ ನಮ್ಮ ಕಾಳು ಹೆಕ್ಕಬೇಕು.

ಆ ಪಾದ್ರಿ ಹರ್ಮನ್ ಮೊಗ್ಲಿಂಗ್. 1811ರಲ್ಲಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ ಹುಟ್ಟಿದವನು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಶನ್ ಸೇರಿ 1836ರಲ್ಲಿ ಮಂಗಳೂರಿಗೆ ಬಂದಾಗ ಅವನಿಗೆ 25 ವರ್ಷ. ನಮ್ಮ ಓರಿಗೆಯವನು ಅನ್ನಿ. ಮೇಷ್ಟ್ರುಗಳಿಗೆ ಅವನ ಹೆಸರು ಗೊತ್ತಿರ್ತದೆ. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ತಂದವನು ಅವನೇ. ಅದಕ್ಕಾಗಿಯೇ ಜುಲೈ 1ನ್ನು ನಾವು ಕನ್ನಡ ಪತ್ರಿಕಾ ದಿನ ಅಂತ ಆಚರಿಸುತ್ತೇವೆ. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಇವನ್ನೆಲ್ಲ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚು ಹಾಕಿಸಿದವನೂ ಅವನೇ. ಇಷ್ಟು ಪಾಠದಲ್ಲಿ ಬರ್ತದೆ. ಅದೇ ಮನುಷ್ಯ 1853ರಲ್ಲಿ ಘಟ್ಟ ಹತ್ತಿ ಕೊಡಗಿಗೆ ಹೋದ. 1860ರಲ್ಲಿ ಊರಿಗೆ ಮರಳುವವರೆಗೆ ಅಲ್ಲಿ ಅವನಿಗೆ ಎದುರಾದವರು ಯಾರು, ಅವರು ಏನು ಕೇಳಿದರು ಅನ್ನುವುದು ಮಾತ್ರ ಪಾಠದಲ್ಲಿ ಬರುವುದಿಲ್ಲ.

ಅವನನ್ನು ಬೆಟ್ಟಕ್ಕೆ ಕರೆದವನು ಆಲಮಂಡ ಸೋಮಯ್ಯ ಎಂಬ ಕೊಡವ. ಸೋಮಯ್ಯ ಮಂಗಳೂರಿಗೆ ಬಂದು ಕ್ರೈಸ್ತನಾಗಿ ಸ್ತೆಫಾನಸ್ ಎಂಬ ಹೆಸರು ಪಡೆದ. ಅವನ ಜೊತೆಯಲ್ಲೇ ಮೊಗ್ಲಿಂಗ್ ಕೊಡಗಿಗೆ ಹೋದ. ಒಬ್ಬ ಕೊಡವ ಬಂದನಲ್ಲ, ಒಕ್ಕ ಒಕ್ಕಗಳೇ ಬಂದಾವು ಎಂಬ ಆಸೆ ಮಿಶನರಿಗಳದು. ಆಸೆಗೆ ಇನ್ನೊಂದು ಕಾರಣವೂ ಇತ್ತು. ಅದರ ಹಿಂದಿನ ವರ್ಷ, 1852ರ ಜೂನ್ 30ರಂದು, ಕಂಪನಿ ಸರ್ಕಾರ ಪಟ್ಟದಿಂದ ಇಳಿಸಿದ್ದ ಚಿಕವೀರರಾಜೇಂದ್ರನ ಮಗಳು ಗೌರಮ್ಮನಿಗೆ ಲಂಡನ್ನಿನ ಅರಮನೆಯಲ್ಲಿ ದೀಕ್ಷಾಸ್ನಾನ ಆಗಿತ್ತು. ವಿಕ್ಟೋರಿಯಾ ರಾಣಿಯೇ ಅವಳ ಧರ್ಮಮಾತೆಯಾಗಿ ತನ್ನ ಹೆಸರನ್ನೇ ಇಟ್ಟಳು. ಅಪ್ಪ ಅಲ್ಲಿಗೆ ಹೋಗಿದ್ದದ್ದು ಕಂಪನಿ ಕಿತ್ತುಕೊಂಡಿದ್ದ ದುಡ್ಡನ್ನು ವಾಪಸು ಕೇಳಲು. ದುಡ್ಡು ದಕ್ಕಲಿಲ್ಲ. ಮಗಳ ಧರ್ಮ ಬದಲಾಯಿತು. ಈ ಹುಡುಗಿಯ ಚಿತ್ರಪಟ ಇದೆ, ಕಥೆ ಇದೆ, ಪುಸ್ತಕಗಳಿವೆ.

ಆದರೆ ಕೊಡವರು ಬರಲಿಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ಬಂದಿರಬಹುದು, ಜನಾಂಗ ಬರಲಿಲ್ಲ. ಅವರು ಪಾದ್ರಿಗಳಿಂದ ಅಕ್ಷರ ತೆಗೆದುಕೊಂಡರು, ಮತ ಬಿಟ್ಟರು. ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಶಾಲೆಯ ಮುಖ್ಯಸ್ಥನಾಗಿದ್ದ ಜಿ. ರಿಕ್ಟರ್ ಕೂಡ ಬಾಸೆಲ್ ಮಿಶನ್ನಿನಿಂದ ಬಂದವನೇ. 1870ರಲ್ಲಿ ಕೊಡಗಿನ ಕೈಪಿಡಿ ಬರೆದವನು. ಆ ಅಕ್ಷರದ ದಾರಿ ಹಿಡಿದು ಜಮೀನಿದ್ದವರು ಕಚೇರಿಗೆ ಹೋದರು, ಪಡೆಗೆ ಹೋದರು. ಅದರಲ್ಲಿ ತಪ್ಪೇನಿಲ್ಲ. ಅಕ್ಷರ ಯಾರಪ್ಪನ ಆಸ್ತಿಯೂ ಅಲ್ಲ. ನಾವು ಕೇಳುವುದು, ಗದ್ದೆಯಲ್ಲಿ ನಿಂತಿದ್ದವನ ಮಗ ಆಗ ಎಲ್ಲಿದ್ದ?

ಅವನು ಲೆಕ್ಕದಲ್ಲಿದ್ದ. ಹಾಲೇರಿ ರಾಜರ ಕಾಲದಲ್ಲಿ ಕೊಡಗಿನ ಹೊಲೆಯ ಒಡೆಯನ ಸ್ವತ್ತು. ಅದರಲ್ಲೂ ಬಗೆಗಳಿದ್ದವು. ಭೂಮಿಜಮ್ಮದ ಆಳು ಎಂದರೆ ಜಮೀನಿಗೆ ಅಂಟಿದವನು, ಜಮೀನು ಕೈ ಬದಲಾದರೆ ಅದರೊಂದಿಗೆ ಇವನೂ ಬದಲಾಗುವವನು. ಒಕ್ಕಲುಜಮ್ಮದ ಆಳು ಎಂದರೆ ಮನೆತನಕ್ಕೆ ಸೇರಿದವನು, ಅವನನ್ನು ಬೇರೆಯಾಗಿ ಮಾರಬಹುದು, ಅಡ ಇಡಬಹುದು. ರಾಜನ ಸ್ವಂತ ಪಣ್ಯದ ಗದ್ದೆಗಳಲ್ಲಿ ದುಡಿಯುವ ಆಳುಗಳು ಇನ್ನೊಂದು ಗುಂಪು. ಹೊಲೆಯ ಎಂದರೆ ಹೊಲದವನು ಅಂತ ನಮ್ಮ ಹಿರಿಯರು ಹೇಳ್ತಾರೆ. ನಿಘಂಟಿನವರು ಹೊಲೆ ಎಂದರೆ ಮೈಲಿಗೆ ಅಂತ ಬರೆದರು. ಕೊಡಗಿನ ಹೊಲೆಯನ ಮಟ್ಟಿಗೆ ಹೊಲದಲ್ಲಿ ಅವನು ಬೇಕು, ಅಂಗಳದಲ್ಲಿ ಅವನು ಮೈಲಿಗೆ. ಎರಡೂ ಅರ್ಥ ಒಂದೇ ಬೆನ್ನಿನ ಮೇಲೆ ಹೇರಿದ್ದರು.

1834ರಲ್ಲಿ ಕಂಪನಿ ಕೊಡಗನ್ನು ನುಂಗಿತು. ರಾಜ ಹೋದ, ಜಮ್ಮ ಉಳಿಯಿತು. 1837ರಲ್ಲಿ ಅಮರಸುಳ್ಯದ ರೈತರು ಬಂಡೆದ್ದಾಗ ಅಡಗಿಸಲು ನೆರವಾದವರಿಗೆ ಬಹುಮಾನಗಳು ಬಂದವು. 1861ರಲ್ಲಿ ಕೋವಿಗೆ ಪರವಾನಗಿ ಬೇಡ ಎಂಬ ವಿನಾಯಿತಿಯೂ ಕೊಡವರಿಗೆ ಬಂತು. ಆಳಿಗೆ ಬಂದದ್ದು 1843ರ 5ನೇ ಕಾಯಿದೆ. ಗುಲಾಮನ ಮೇಲಿನ ಒಡೆತನವನ್ನು ಯಾವ ಕೋರ್ಟೂ ಮಾನ್ಯ ಮಾಡಬಾರದು ಅಂತ ಅದು ಹೇಳಿತು. ಒಳ್ಳೇದೇ. ಆದರೆ ಹೋಗು, ನೀನು ಸ್ವತಂತ್ರ ಅಂತ ಗದ್ದೆಯಲ್ಲಿದ್ದವನ ಹತ್ತಿರ ಹೋಗಿ ಹೇಳುವವರು ಯಾರು? ಹೇಳಿದರೂ ಅವನು ಹೋಗುವುದು ಎಲ್ಲಿಗೆ? ಗುಡಿಸಲು ಒಡೆಯನದು, ಗುಡಿಸಲು ನಿಂತ ನೆಲ ಒಡೆಯನದು, ಬರುವ ವರ್ಷದ ಭತ್ತವೂ ಒಡೆಯನ ಪತ್ತಾಯದ್ದು. ನೆಲ ಇಲ್ಲದ ಬಿಡುಗಡೆ ಕಾಗದದ ಮೇಲಿನ ಅನ್ನ.

ಅಷ್ಟರಲ್ಲಿ ಕಾಫಿ ಬಂತು. 1854ರಲ್ಲಿ ಫೌಲರ್ ಎಂಬ ಬಿಳಿಯ ಮಡಿಕೇರಿಯ ಬಳಿ ತೋಟ ಹಾಕಿದ. ಹಿಂದೆಯೇ ಕಾಡು ಕಡಿದು ಬಿಳಿಯರ ತೋಟಗಳು ಸಾಲುಗಟ್ಟಿದವು. ತೋಟದಲ್ಲಿ ಕೂಲಿ ಕಾಸಿನ ರೂಪದಲ್ಲಿ ಸಿಗುತ್ತಿತ್ತು. ಹಳೆಯ ಒಡೆಯನ ಗದ್ದೆ ಬಿಟ್ಟು ಎಷ್ಟೋ ಮಂದಿ ಅಲ್ಲಿಗೆ ಹೋದರು. ಅಲ್ಲಿ ಇನ್ನೊಂದು ಹಗ್ಗ ಕಾದಿತ್ತು. 1859ರ 13ನೇ ಕಾಯಿದೆಯ ಪ್ರಕಾರ ಮುಂಗಡ ಪಡೆದ ಕೂಲಿಯವನು ಕೆಲಸ ಬಿಟ್ಟು ಹೋದರೆ ಅವನನ್ನು ಹಿಡಿದು ತರಬಹುದು, ಜೈಲಿಗೂ ಹಾಕಬಹುದು. ಗುಲಾಮಗಿರಿಯನ್ನು ಕೋರ್ಟು ಕೈಬಿಟ್ಟ 16 ವರ್ಷಕ್ಕೆ ಮುಂಗಡವನ್ನು ಅದೇ ಕೋರ್ಟು ಕೈಹಿಡಿಯಿತು. 1920ರ ದಶಕದವರೆಗೂ ತೋಟದ ದೊರೆಗಳು ಈ ಕಾಯಿದೆಯ ನೆರಳಲ್ಲಿ ದುಡಿಸಿಕೊಂಡರು.

ಈ ಎರಡು ಹಗ್ಗಗಳ ನಡುವೆ ನಿಂತಿದ್ದ ಕೆಲವು ಹೊಲೆಯರು ಮೊಗ್ಲಿಂಗನ ಮಿಶನ್ನಿಗೆ ಸೇರಿದರು. ಪಾದ್ರಿ ಬೆಟ್ಟ ಹತ್ತಿದ್ದು ಕೊಡವರ ಆಸೆಯಿಂದ, ಗುಂಪಾಗಿ ಬಂದವರು ಹೊಲೆಯರು. ಅವರಿಗಾಗಿ 1850ರ ದಶಕದ ಕೊನೆಯ ಭಾಗದಲ್ಲಿ ದಕ್ಷಿಣ ಕೊಡಗಿನ ಸಿದ್ದಾಪುರ-ಅಮ್ಮತ್ತಿ ಸೀಮೆಯಲ್ಲಿ ಒಂದು ಬೇಸಾಯದ ಊರು ಕಟ್ಟಿದರು. ಆನಂದಪುರ ಅಂತ ಹೆಸರಿಟ್ಟರು. ಹಟ್ಟಿ ಅಲ್ಲ, ಕೇರಿ ಅಲ್ಲ, ಪುರ. ಈ ಒಂದು ಪದದ ತೂಕ ಊರ ಹೊರಗೆ ಹುಟ್ಟಿದವರಿಗೆ ಮಾತ್ರ ತಿಳೀತದೆ.

ಇವರನ್ನು ನೋಡಿ ಅನ್ನಕ್ಕಾಗಿ ಮತ ಬಿಟ್ಟವರು ಅಂತ ಆಡಿಕೊಳ್ಳುವವರು ಇವತ್ತಿಗೂ ಇದ್ದಾರೆ. ಅವರಿಗೆ ನಾವು ಹೇಳುವುದಿಷ್ಟು. ಹೌದು ಸ್ವಾಮಿ, ಅನ್ನಕ್ಕಾಗಿಯೂ ಬಂದಿರಬಹುದು. ಅನ್ನ ಬೆಳೆದವನಿಗೆ ಅನ್ನ ಸಿಗದಂತೆ ಮಾಡಿದ್ದು ಯಾವ ಮತ? ದೇವಸ್ಥಾನದ ಹೊರಗೆ ನಿಲ್ಲಿಸಿದವನು ಒಳಗಿದ್ದದ್ದನ್ನು ಬಿಟ್ಟು ಹೋದ ಅನ್ನುವುದು ಯಾವ ನ್ಯಾಯ? ಒಳಗೆ ಬಿಡದವನು ಹೊರಗೆ ಹೋದದ್ದಕ್ಕೆ ಅಳುವುದು ಸುಳ್ಳು ಅಳು. ಅದೇ ಕಾಲದಲ್ಲಿ, 1856ರಲ್ಲಿ, ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಬಂದ ಮಹಾರ್ ಹುಡುಗನೊಬ್ಬನಿಗೆ ಬಾಗಿಲು ಮುಚ್ಚಿದ್ದರು. ಆ ಹುಡುಗ ಮುಂಬಯಿ ಸರ್ಕಾರಕ್ಕೇ ಅರ್ಜಿ ಹಾಕಿದ. ಉಳಿದ ಮಕ್ಕಳು ಶಾಲೆ ಬಿಟ್ಟಾರು ಎಂಬ ಭಯಕ್ಕೆ ಸರ್ಕಾರ ಅವನ ಪರ ನಿಲ್ಲಲಿಲ್ಲ. ಧಾರವಾಡದಲ್ಲಿ ಅರ್ಜಿ, ಕೊಡಗಿನಲ್ಲಿ ಆನಂದಪುರ. ಎರಡೂ ಒಂದೇ ಪ್ರಶ್ನೆ. ಮನುಷ್ಯರಾಗಿ ಕೂತುಕೊಳ್ಳಲು ನಮಗೆ ಜಾಗ ಎಲ್ಲಿ?

ಹಾಗಂತ ಪಾದ್ರಿಗಳಿಗೆ ಆರತಿ ಎತ್ತಲು ನಾವು ಈ ಲೇಖನ ಬರೆಯುತ್ತಿಲ್ಲ. ಬಾಸೆಲ್ ಮಿಶನ್ ಸಭೆಯೊಳಗೆ ಜಾತಿಯನ್ನು ಬಿಟ್ಟುಕೊಳ್ಳಲಿಲ್ಲ, ಅಕ್ಷರ ಕೊಟ್ಟಿತು, ಕಸಬು ಕಲಿಸಿತು. ಅದು ಸಣ್ಣ ಮಾತಲ್ಲ. ಆದರೆ ಮಿಶನ್ನಿನ ಬೇಸಾಯದ ಊರುಗಳಲ್ಲಿ ಸಾಮಾನ್ಯವಾಗಿ ನೆಲ ಮಿಶನ್ನಿನದು, ದುಡಿಮೆ ಸಭೆಯವರದು. ಒಡೆಯ ಒಳ್ಳೆಯವನಾದ, ಒಡೆತನ ಹೋಗಲಿಲ್ಲ. 1914ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಪಾದ್ರಿಗಳನ್ನು ಶತ್ರು ದೇಶದವರೆಂದು ಹಿಡಿದು ಕೂಡಿಟ್ಟಿತು. ಮಿಶನ್ನಿನ ಹೆಂಚಿನ ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಇನ್ನೊಬ್ಬರ ಹೆಸರಿನಲ್ಲಿದ್ದ ಆಸರೆ ಎಷ್ಟು ಗಟ್ಟಿ ಅಂತ ಆಗ ಗೊತ್ತಾಯಿತು.

ಇನ್ನೂ ಒಂದು ಮಾತು. ಮೊಗ್ಲಿಂಗ್ 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಅವನು ಕೊಡಗಿಗೆ ಹೋದ ವರ್ಷವೇ ಮಂಗಳೂರಿಗೆ ಬಂದಿಳಿದ 21ರ ಹುಡುಗ ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟ. ಬೆಂಗಳೂರಿನಲ್ಲಿ ಅವನ ಪ್ರತಿಮೆ ಇದೆ, ಇರಲಿ. ಗೌರಮ್ಮನ ಕಥೆಯೂ ಇರಲಿ. ಆದರೆ ಆನಂದಪುರದ ಮೊದಲ ಮನೆಗಳಿಗೆ ಮಡಲು ಹೆಣೆದ ಹೆಂಗಸರ ಹೆಸರು ಯಾವ ಶಾಲೆಯ ಪಾಠದಲ್ಲಿದೆ? ಒಡೆಯನ ಗದ್ದೆ ಬಿಟ್ಟು ಬರುವುದು ಆ ಕಾಲದಲ್ಲಿ ಪ್ರಾಣದ ಮೇಲಿನ ಆಟ. ಆ ಆಟ ಆಡಿದವರು ಅವರು. ಚರಿತ್ರೆಯಲ್ಲಿ ಕೊಟ್ಟವನ ಹೆಸರು ಉಳೀತು, ಧೈರ್ಯ ಮಾಡಿದವರ ಹೆಸರು ಅಳಿಸಿ ಹೋಯಿತು.

ಮುಂದಿನ ಕಥೆ ನಮ್ಮ ಗಣರಾಜ್ಯದ್ದು. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ ಎಂದಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು. ಕ್ರೈಸ್ತ ದಲಿತರಿಗೆ, ಮುಸ್ಲಿಮ್ ದಲಿತರಿಗೆ ತೆರೆಯಲಿಲ್ಲ. ಈ ಪ್ರಶ್ನೆ ನೋಡಲು 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿದರು. ಮೊಮ್ಮಗನನ್ನು ಬಾವಿಯ ಹತ್ತಿರ ತಡೆಯುವವನು, ನಿನ್ನ ಮುತ್ತಜ್ಜ ಯಾವ ಚರ್ಚಿಗೆ ಹೋಗಿದ್ದ ಅಂತ ಕೇಳಿ ತಡೆಯುವುದಿಲ್ಲ. ಜಾತಿ ನೆನಪಿಟ್ಟುಕೊಂಡಿದ್ದನ್ನು ಕಾನೂನು ಮರೆತಿದೆ.

ಜಮೀನಿನ ಕಥೆಯೂ ಅಷ್ಟೇ. 1961ರ ಭೂಸುಧಾರಣೆ ಕಾಯಿದೆಯನ್ನು 1974ರಲ್ಲಿ ಬಿಗಿ ಮಾಡಿದರು, ಉಳುವವನೇ ಒಡೆಯ ಎಂದರು. ಕಾಫಿ ತೋಟಗಳನ್ನು ಮಾತ್ರ ಹೊರಗಿಟ್ಟರು. ಹಾಗಾಗಿ ಕೊಡಗಿನಲ್ಲಿ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಲೈನ್ ಮನೆಯಲ್ಲೇ ಸಾಯುವ ಯರವರು, ಕುರುಬರು, ಹೊಲೆಯರು ಉಳಿದರು. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯಿದೆ ಬಂತು, ಮುಂಗಡದ ಸಾಲ ಹೋಗಲಿಲ್ಲ. 2016ರ ಡಿಸೆಂಬರಿನಲ್ಲಿ, ಸಿದ್ದಾಪುರದಿಂದ ಬಹಳ ದೂರವಿಲ್ಲದ ದಿಡ್ಡಳ್ಳಿಯಲ್ಲಿ, ಲೈನ್ ಮನೆ ಬಿಟ್ಟು ಬಂದು ಗುಡಿಸಲು ಹಾಕಿಕೊಂಡಿದ್ದ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿ ಹಾಕಿದರು. ಅವರು ಅಲ್ಲೇ ಚಳಿಯಲ್ಲಿ ಕೂತು ಹೋರಾಡಿದರು. ಅವರು ಕೇಳಿದ್ದೂ ನೆಲವನ್ನೇ.

ಆನಂದಪುರದವರು ಏಸುವನ್ನು ಕೇಳಿದರೋ ಅಂತ ಪಾದ್ರಿಗಳು ಲೆಕ್ಕ ಹಾಕಲಿ, ಧರ್ಮ ಬಿಟ್ಟರೋ ಅಂತ ಮಠದವರು ಲೆಕ್ಕ ಹಾಕಲಿ. ನಮ್ಮ ಲೆಕ್ಕ ಬೇರೆ. ಯಾವ ದೇವರು ಬಂದರೂ, ಯಾವ ಪಕ್ಷ ಬಂದರೂ, ಯಾವ ಕ್ರಾಂತಿ ಬಂದರೂ ನಾವು ಮೊದಲು ಕೇಳುವುದು, ಕಾಲಿಡಲು ನೆಲ ಕೊಟ್ಟಿಯಾ, ಅದರ ಪಹಣಿಯಲ್ಲಿ ನಮ್ಮ ಹೆಸರು ಬರೆದೆಯಾ ಎಂದು.

ಕೊಡಗಿನ ಊರುಗಳಲ್ಲಿರುವ ಮೇಷ್ಟ್ರುಗಳು ಒಂದು ಕೆಲಸ ಮಾಡಬೇಕು. ಹಟ್ಟಿಯ, ಲೈನ್ ಮನೆಯ ಮುದುಕ ಮುದುಕಿಯರ ಹತ್ತಿರ ಕೂತು ಅವರ ಅಜ್ಜ ಅಜ್ಜಿಯರ ಹೆಸರು ಕೇಳಿ ಬರೆದುಕೊಳ್ಳಬೇಕು. ಯಾರ ಗದ್ದೆ ಬಿಟ್ಟು ಎಲ್ಲಿಗೆ ಹೋದರು ಅಂತ ಕೇಳಬೇಕು. ವಿದ್ಯಾರ್ಥಿ ಗೆಳೆಯರು ತಾಲ್ಲೂಕು ಕಚೇರಿಗೆ ಹೋಗಿ ಆ ನೆಲ ಈಗ ಯಾರ ಹೆಸರಿನಲ್ಲಿದೆ ಅಂತ ನೋಡಬೇಕು. ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟರೆ ಕೊಡಗಿನ ಚರಿತ್ರೆಯ ಮೊದಲ ಪುಟ ಸಿಗ್ತದೆ. ಅದನ್ನು ಇನ್ನು ನಾವೇ ಬರೆಯಬೇಕು.