ದೂರದ ನೆಲ, ಹತ್ತಿರದ ಸೇವೆ: ಡಾ. ಹರ್ಡೀಕರರು ಬಿಟ್ಟುಹೋದ ಸಂಘಟನೆಯ ಪಾಠ

ತಾಯ್ನಾಡಿನಿಂದ ದೂರವಿರುವವರು ಅಲ್ಲಿನ ಸಾರ್ವಜನಿಕ ಜೀವನಕ್ಕೆ ಯಾವ ಬಗೆಯಲ್ಲಿ ನೆರವಾಗಬಲ್ಲರು ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮ ಗಮನ ಮೊದಲು ಹರಿಯುವುದು ಹಣದ ಕಡೆಗೆ. ಆದರೆ ಇತಿಹಾಸವನ್ನು ಸಾವಧಾನವಾಗಿ ನೋಡಿದರೆ, ಕೂಡಿಸಿದ ಹಣಕ್ಕಿಂತ ಅದನ್ನು ಕೂಡಿಸಿದ ಕ್ರಮವೇ ಹೆಚ್ಚು ಕಾಲ ಬಾಳಿತೆಂಬುದು ಸ್ಪಷ್ಟವಾಗುತ್ತದೆ. ಇದಕ್ಕೆ ಉಜ್ವಲ ನಿದರ್ಶನವಾಗಿ ನಿಲ್ಲುವವರು ಧಾರವಾಡದಲ್ಲಿ ಜನಿಸಿದ ಡಾ. ನಾ. ಸು. ಹರ್ಡೀಕರರು (1889–1975).

1916ರ ಏಪ್ರಿಲ್ ತಿಂಗಳಲ್ಲಿ ಲೋಕಮಾನ್ಯ ತಿಲಕರು ಹೋಮ್ ರೂಲ್ ಲೀಗನ್ನು ಸ್ಥಾಪಿಸಿದ್ದು ನಮ್ಮ ಬೆಳಗಾವಿಯಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆನಿ ಬೆಸೆಂಟರು ಮದರಾಸಿನಿಂದ ಇನ್ನೊಂದು ಲೀಗನ್ನು ಆರಂಭಿಸಿದರು. ಊರೂರುಗಳಲ್ಲಿ ಶಾಖೆಗಳು ಹುಟ್ಟಿದವು. ಸದಸ್ಯರ ವಂತಿಗೆಯಿಂದಲೂ ಅಚ್ಚಾದ ಕಿರುಹೊತ್ತಿಗೆಗಳಿಂದಲೂ ಸ್ವರಾಜ್ಯದ ಮಾತು ಹಬ್ಬತೊಡಗಿತು. ಈ ಶಾಖೆಗಳ ಬೇಡಿಕೆಗೆ ಸಮುದ್ರದಾಚೆಯಿಂದ ದನಿಗೂಡಿಸುವ ಕೆಲಸ ಮರುವರ್ಷ ನ್ಯೂಯಾರ್ಕಿನಲ್ಲಿ ಮೊದಲಾಯಿತು.

ವೈದ್ಯಶಾಸ್ತ್ರವನ್ನು ಕಲಿತು 1913ರಲ್ಲಿ ಅಮೆರಿಕಕ್ಕೆ ತೆರಳಿದ ಹರ್ಡೀಕರರು ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಸಿಸಿದರು. ಆಗ ಅಲ್ಲಿಯೇ ನೆಲೆಸಿದ್ದ ಲಾಲಾ ಲಜಪತರಾಯರ ಸಂಪರ್ಕ ಅವರ ಬಾಳಿನ ದಿಕ್ಕನ್ನೇ ಬದಲಿಸಿತು. 1917ರಲ್ಲಿ ಲಾಲಾಜಿಯವರ ಅಧ್ಯಕ್ಷತೆಯಲ್ಲಿ ಇಂಡಿಯಾ ಹೋಮ್ ರೂಲ್ ಲೀಗ್ ಆಫ್ ಅಮೆರಿಕ ಸ್ಥಾಪನೆಯಾದಾಗ, ಅದರ ಸಂಘಟನೆಯ ಭಾರವನ್ನು ಹೊತ್ತವರಲ್ಲಿ ಹರ್ಡೀಕರರು ಪ್ರಮುಖರು. 1918ರ ಜನವರಿಯಿಂದ 'ಯಂಗ್ ಇಂಡಿಯಾ' ಎಂಬ ಮಾಸಪತ್ರಿಕೆ ಹೊರಬಂದಿತು. 1919ರಲ್ಲಿ ಹರ್ಡೀಕರರು ನಗರದಿಂದ ನಗರಕ್ಕೆ ಸಂಚರಿಸಿ, ಸಭೆಗಳಲ್ಲಿ ಮಾತನಾಡಿ, ಸದಸ್ಯರನ್ನು ಕೂಡಿಸಿದರು. ಸಂಗ್ರಹವಾದ ಹಣವು ಬಹುಮಟ್ಟಿಗೆ ಅಲ್ಲಿಯ ಪ್ರಚಾರಕಾರ್ಯಕ್ಕೇ ವಿನಿಯೋಗವಾಯಿತು. 1913ರಲ್ಲಿ ಅಮೆರಿಕದ ಪಶ್ಚಿಮ ತೀರದಲ್ಲಿ ಹುಟ್ಟಿದ ಗದರ್ ಪಕ್ಷವು ಸಶಸ್ತ್ರ ಕ್ರಾಂತಿಯ ದಾರಿ ಹಿಡಿದಿತ್ತು. ಇವರದು ಬಹಿರಂಗವಾದ, ಆ ನೆಲದ ಕಾನೂನಿಗೆ ಒಳಪಟ್ಟ ಮಾರ್ಗ.

ಪರದೇಶದಲ್ಲಿ ವಂತಿಗೆ ಕೂಡಿಸುವುದರ ಕಷ್ಟವನ್ನು ಇದಕ್ಕೂ ಮೊದಲೇ ಅರಿತವರು ಗಾಂಧೀಜಿ. 1894ರಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ಸನ್ನು ಕಟ್ಟಿದಾಗ, ತಿಂಗಳು ತಿಂಗಳೂ ವಂತಿಗೆ ವಸೂಲು ಮಾಡುವುದು ಅಸಾಧ್ಯವೆಂದು ಕಂಡು ವಾರ್ಷಿಕ ವಂತಿಗೆಯ ಪದ್ಧತಿಗೆ ತಿರುಗಿದರು. ಆರು ಪೌಂಡು ಕೊಡಬಲ್ಲ ವರ್ತಕರೊಬ್ಬರು ಮೂರಕ್ಕೇ ನಿಂತಾಗ, ಗಾಂಧೀಜಿ ಮತ್ತು ಸಂಗಡಿಗರು ಊಟವನ್ನೂ ಬಿಟ್ಟು ಅವರ ಮನೆಯಲ್ಲಿ ಇರುಳೆಲ್ಲ ಕುಳಿತರಂತೆ. ಬೆಳಗಾಗುವಾಗ ಆರು ಪೌಂಡೂ ಬಂದಿತು, ಊಟವೂ ಬಂದಿತು! ಈ ಪ್ರಸಂಗವನ್ನು ಆತ್ಮಕಥೆಯಲ್ಲಿ ಹೇಳುವ ಗಾಂಧೀಜಿ, ಲೆಕ್ಕವಿಲ್ಲದ ಸಾರ್ವಜನಿಕ ಹಣ ಸಂಸ್ಥೆಯ ಹೆಸರನ್ನೇ ಕೆಡಿಸುವುದೆಂಬ ಎಚ್ಚರವನ್ನೂ ಅಷ್ಟೇ ಒತ್ತಿ ಹೇಳಿದ್ದಾರೆ.

ಹರ್ಡೀಕರರು 1921ರಲ್ಲಿ ಸ್ವದೇಶಕ್ಕೆ ಮರಳಿದಾಗ ನಾಡಿನ ಚಿತ್ರ ಬದಲಾಗಿತ್ತು. 1920ರ ನಾಗಪುರ ಅಧಿವೇಶನವು ಭಾಷಾವಾರು ಪ್ರಾಂತ ಸಮಿತಿಗಳಿಗೆ ಒಪ್ಪಿಗೆಯಿತ್ತುದರಿಂದ, ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ತಮ್ಮದೇ ಆದ ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ ಸಮಿತಿ ದೊರೆಯಿತು. ಗಂಗಾಧರರಾವ್ ದೇಶಪಾಂಡೆಯವರು ಅದರ ಮೊದಲ ಅಧ್ಯಕ್ಷರು. 1921ರ ಜೂನ್ 30ರೊಳಗೆ 1 ಕೋಟಿ ರೂಪಾಯಿ ಕೂಡಿಸುವ ತಿಲಕ್ ಸ್ವರಾಜ್ಯ ನಿಧಿಯ ಗುರಿ ದೇಶಾದ್ಯಂತ ಸ್ವಯಂಸೇವಕರ ದುಡಿಮೆಯಿಂದ ಈಡೇರಿತು. ಹಣ ಕೂಡಿಸಬಲ್ಲ ಉತ್ಸಾಹವಿತ್ತು. ಅದನ್ನು ಹಿಡಿದು ನಿಲ್ಲಿಸುವ ಶಿಸ್ತು ಬೇಕಿತ್ತು. ಆ ಶಿಸ್ತನ್ನು ರೂಪಿಸುವ ಕಾರ್ಯವನ್ನು ಹರ್ಡೀಕರರು ಹುಬ್ಬಳ್ಳಿಯಲ್ಲಿ ಕೈಗೊಂಡರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಹುಬ್ಬಳ್ಳಿಯ ಸ್ವಯಂಸೇವಕರು ಕ್ಷಮೆ ಕೇಳಲು ಒಪ್ಪದೆ ನಿಂತುದು ದೇಶದ ಗಮನ ಸೆಳೆಯಿತು. ಅದೇ ಡಿಸೆಂಬರಿನಲ್ಲಿ ಕಾಕಿನಾಡ ಅಧಿವೇಶನದ ವೇಳೆ ಹಿಂದುಸ್ತಾನಿ ಸೇವಾದಳ ಜನ್ಮತಾಳಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರಾದರು. ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿಯೇ ಉಳಿಯಿತು.

ಮರುವರ್ಷ, 1924ರಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಈ ಸ್ವಯಂಸೇವಕರ ಸೇವೆ ಎಲ್ಲರ ಮೆಚ್ಚುಗೆಗೆ ಪಾತ್ರವಾಯಿತು. ಅಲ್ಲಿ ಮಹಿಳಾ ಸೇವಾದಳವನ್ನು ಮುನ್ನಡೆಸಿದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ತಾವೇ ವೈಧವ್ಯದ ದುಃಖದಲ್ಲಿದ್ದ ಆ ತಾಯಿ, ಹೊಸ್ತಿಲು ದಾಟಲು ಅಂಜುತ್ತಿದ್ದ ಹೆಣ್ಣುಮಕ್ಕಳನ್ನು ಸಾರ್ವಜನಿಕ ಸೇವೆಗೆ ಕರೆತಂದರು. ನಿಧಿಸಂಗ್ರಹದ ಇತಿಹಾಸವನ್ನು ಬರೆಯುವಾಗ ಮೊತ್ತಗಳೂ ಮುಖಂಡರ ಹೆಸರುಗಳೂ ಉಳಿಯುತ್ತವೆ. ಬಾಗಿಲಿಂದ ಬಾಗಿಲಿಗೆ ನಡೆದ ಪಾದಗಳು, ಅಡಿಗೆಮನೆಯ ಉಳಿತಾಯದಿಂದ ಹೊರಬಂದ ಬಿಡಿಕಾಸುಗಳು ಮರೆಯಾಗುತ್ತವೆ. ಮನೆಯ ಖರ್ಚಿನ ಲೆಕ್ಕವನ್ನು ಪೈಸೆಗೆ ಪೈಸೆ ಬರೆದಿಡುವ ಗೃಹಿಣಿಗೆ ಸಾರ್ವಜನಿಕ ಹಣದ ಪಾವಿತ್ರ್ಯವನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.

ದುಬೈಯ ಅಲ್ ಮುರಕ್ಕಬಾತ್‌ನಂತಹ ಬಡಾವಣೆಗಳಲ್ಲಿ ಬಾಳುತ್ತಿರುವ ನಮಗೆ ಈ ಚರಿತ್ರೆ ಏನನ್ನು ಹೇಳುತ್ತದೆ? ಹರ್ಡೀಕರರ ಕೆಲಸವನ್ನು ಇಲ್ಲಿ ಹಾಗೆಯೇ ಅನುಕರಿಸುವಂತಿಲ್ಲ. ಈ ದೇಶದಲ್ಲಿ ರಾಜಕೀಯ ಪಕ್ಷಗಳಿಗೆ ಎಡೆಯಿಲ್ಲ. 2021ರ ದೇಣಿಗೆ ಕಾನೂನಿನ ಪ್ರಕಾರ ಅನುಮತಿಯಿಲ್ಲದೆ ವ್ಯಕ್ತಿಗಳು ಚಂದಾ ಎತ್ತುವುದು ಅಪರಾಧ. ಭಾರತದ 2010ರ ವಿದೇಶಿ ವಂತಿಗೆ ಕಾಯಿದೆಯೂ ರಾಜಕೀಯ ಪಕ್ಷಗಳು ವಿದೇಶಿ ಮೂಲದ ಹಣ ಪಡೆಯುವುದನ್ನು ನಿಷೇಧಿಸಿದೆ. ಇದರಲ್ಲಿ ನ್ಯಾಯವೂ ಇದೆ: ಹಳ್ಳಿಯ ಸಮಿತಿಯ ತೀರ್ಮಾನ ಅಲ್ಲಿಯೇ ಬಾಳುವವರದಾಗಿರಬೇಕು, ಹಣ ಕಳಿಸಿದವರ ಇಚ್ಛೆ ಅದರ ಮೇಲೆ ಕೂರಬಾರದು. ಪ್ರವಾಸಿ ಪ್ರಜೆಗೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸುವ ಹಕ್ಕು 2010ರ ತಿದ್ದುಪಡಿಯಿಂದ ದೊರೆತಿದೆಯಾದರೂ, ಮತ ಹಾಕಲು ಊರಿಗೇ ಹೋಗಬೇಕು.

ಹಾಗಾದರೆ ಉಳಿಯುವುದೇನು? ನೆಲದ ಕಾನೂನಿಗೆ ಬದ್ಧವಾದ ನಡತೆ, ಎಲ್ಲರೂ ತೆರೆದು ನೋಡಬಹುದಾದ ಲೆಕ್ಕದ ಪುಸ್ತಕ, ಸರದಿಯಂತೆ ಹೊಣೆ ಹೊರುವ ಸ್ವಯಂಸೇವಕರು, ಮಹಿಳೆಯರಿಗೆ ಅಡಿಗೆಯ ವ್ಯವಸ್ಥೆಯಷ್ಟೇ ಅಲ್ಲದೆ ಖಜಾಂಚಿಯ ಸ್ಥಾನ. ಹರ್ಡೀಕರರು ಅಮೆರಿಕದಿಂದ ಹುಬ್ಬಳ್ಳಿಗೆ ತಂದದ್ದು ಹಣದ ಗಂಟನ್ನಲ್ಲ, ಸಂಘಟನೆಯ ಅನುಭವವನ್ನು. ಎರಡು ವರ್ಷಕ್ಕೊಮ್ಮೆ ಕೂಡುವ ನಮ್ಮ ಸಂಘಗಳು ಈ ಅನುಭವವನ್ನು ಮೊದಲು ತಮ್ಮಲ್ಲಿಯೇ ಆಚರಣೆಗೆ ತರಲಿ. ಇಲ್ಲಿ ಅದನ್ನು ಕಲಿತ ಮಕ್ಕಳು ನಾಳೆ ನಾಡಿಗೆ ಮರಳಿದಾಗ, ಅಲ್ಲಿನ ಯಾವ ಸಮಿತಿಗೂ ಅವರಿಗಿಂತ ಹಿರಿದಾದ ಕಾಣಿಕೆ ಬೇಕಾಗದು.