ನೋವಾಯ ಜೆಮ್ಲ್ಯ: ‘ನಿರ್ಜನ’ ದ್ವೀಪವೊಂದರ ಚರಿತ್ರೆ

ಬ್ಯಾರೆಂಟ್ಸ್ ಮತ್ತು ಕಾರಾ ಸಮುದ್ರಗಳ ನಡುವಣ ನೋವಾಯ ಜೆಮ್ಲ್ಯ ಮಾತೋಚ್‌ಕಿನ್ ಜಲಸಂಧಿಯಿಂದ ಎರಡಾದ ದ್ವೀಪ. ಹೆಸರಿನ ಅರ್ಥ ‘ಹೊಸ ನೆಲ’ ಎಂದು. 1955ರಿಂದ 1990ರ ವರೆಗೆ ಸೋವಿಯೆತ್ ಒಕ್ಕೂಟವು ಇಲ್ಲಿ 130 ಪರಮಾಣು ಪರೀಕ್ಷೆಗಳನ್ನು ನಡೆಸಿತು. ಈ ಸ್ಥಳವನ್ನೇ ಆರಿಸಿದುದೇಕೆಂದು ಕೇಳಿದರೆ, ಅದು ನಿರ್ಜನವಾಗಿತ್ತೆಂಬ ಉತ್ತರ ಸಾಮಾನ್ಯವಾಗಿ ದೊರೆಯುತ್ತದೆ. ಈ ಉತ್ತರವನ್ನು ನಾವು ಒಪ್ಪಲಾರೆವು.

ನಾರ್ವೆಯ ಬೇಟೆಗಾರರು ದ್ವೀಪದ ಮೇಲೆ ಹಕ್ಕು ಸ್ಥಾಪಿಸಿಯಾರೆಂಬ ಶಂಕೆಯಿಂದ, 1870ರ ದಶಕದಿಂದೀಚೆಗೆ ಜಾರರ ಸರ್ಕಾರವೇ ನೆನೆತ್ಸ್ ಕುಟುಂಬಗಳನ್ನು ಅಲ್ಲಿ ನೆಲೆಗೊಳಿಸಿತ್ತು. ಅವರಲ್ಲಿ ಹುಟ್ಟಿದ ತೀಕೋ ವಿಲ್ಕ (1886–1960) ಒಳ್ಳೆಯ ಚಿತ್ರಕಾರ. ಭೂಶೋಧಕ ರುಸಾನೋವನಿಗೆ ದಾರಿ ತೋರಿದವನು. ದ್ವೀಪದ ಆಡಳಿತ ಮಂಡಲಿಗೆ ದೀರ್ಘಕಾಲ ಅಧ್ಯಕ್ಷನಾಗಿದ್ದವನು. 1954ರಲ್ಲಿ ಪರೀಕ್ಷಾಕ್ಷೇತ್ರದ ಸ್ಥಾಪನೆ ನಿಶ್ಚಯವಾದ ಬಳಿಕ ಈ ಜನರನ್ನೆಲ್ಲ ಹೊರಸಾಗಿಸಲಾಯಿತು. ವಿಲ್ಕ ಕಡೆಯ ದಿನಗಳನ್ನು ಅರ್ಖಾಂಗೆಲ್ಸ್ಕ್ ನಗರದಲ್ಲಿ ಕಳೆದನು. ರಾಜ್ಯವು ತನ್ನ ಗಡಿಗೆ ಸಾಕ್ಷಿಯಾಗಿ ಇರಿಸಿದ ಜನವನ್ನು ಎರಡನೆಯ ರಾಜ್ಯವು ಅಡ್ಡಿಯೆಂದು ಎತ್ತಿತು. ಪರೀಕ್ಷೆಗಾಗಿಯೇ ದ್ವೀಪವು ನಿರ್ಜನವಾಯಿತೆನ್ನುವುದು ಹೆಚ್ಚು ಸರಿ.

1961ರ ಅಕ್ಟೋಬರ್ 30ರಂದು ಸಿಡಿಸಿದ, ಸುಮಾರು 50 ಮೆಗಾಟನ್ನಿನ ಬಾಂಬಿನ ವರ್ಣನೆ ಎಲ್ಲ ಪುಸ್ತಕಗಳಲ್ಲಿಯೂ ಇದೆ. ನಾವು ಅದನ್ನು ವಿಸ್ತರಿಸುವುದಿಲ್ಲ. ಸುಮಾರು ನಾಲ್ಕು ಕಿಲೋಮೀಟರು ಎತ್ತರದಲ್ಲಿ ಸಿಡಿದ ಅದರ ಅಗ್ನಿಗೋಳ ನೆಲವನ್ನು ಮುಟ್ಟಲಿಲ್ಲ. ಹೆಚ್ಚು ವಿಚಾರಣೀಯವಾದುದು ಆ ಕಾಲದ ವಾಯುಮಂಡಲ ಪರೀಕ್ಷೆಗಳೆಲ್ಲದರಿಂದ ಮೇಲೇರಿ ಮೆಲ್ಲನೆ ಇಳಿದ ಧೂಳು. ಉತ್ತರದ ಬಯಲುಗಳ ಕಲ್ಲುಹೂವಿಗೆ ಬೇರಿಲ್ಲ. ಗಾಳಿ ಮಳೆಗಳಲ್ಲಿ ಬಂದುದೇ ಅದಕ್ಕೆ ಆಹಾರ. ಚಳಿಗಾಲದಲ್ಲಿ ಹಿಮಸಾರಂಗ ಅದನ್ನು ಮೇಯುತ್ತದೆ; ಸಾರಂಗದ ಮಾಂಸವನ್ನು ಮನುಷ್ಯ ತಿನ್ನುತ್ತಾನೆ. 1960ರ ದಶಕದಲ್ಲಿ ಫಿನ್ಲೆಂಡ್, ಸ್ವೀಡನ್‌ಗಳ ಸಾಮಿ ದನಗಾಹಿಗಳ, ಅಂದರೆ ಸಾರಂಗ ಸಾಕುವವರ, ದೇಹದಲ್ಲಿ ಸೀಸಿಯಂ-137ರ ಪ್ರಮಾಣ ದಕ್ಷಿಣದ ನಗರವಾಸಿಗಳಿಗಿಂತ ಹಲವು ಮಡಿ ಅಧಿಕವಾಗಿ ಕಂಡುಬಂದಿತು. ಇದರ ಅರ್ಧಾಯು ಸುಮಾರು 30 ವರ್ಷ.

1963ರ ಮಾಸ್ಕೋ ಒಪ್ಪಂದದಿಂದ ಪರೀಕ್ಷೆಗಳು ಭೂಗರ್ಭಕ್ಕೆ ಇಳಿದವು. ಮೊದಲ ಪರೀಕ್ಷೆ ನಡೆದ ಚೋರ್ನಾಯ ಕೊಲ್ಲಿಯ ಕೆಸರಿನಲ್ಲಿ ಪ್ಲುಟೋನಿಯಂ ಇನ್ನೂ ಇದೆ; ಅದರ ಅರ್ಧಾಯು 24,000 ವರ್ಷ. ನೆನೆತ್ಸರ ವಸತಿಯಾಗಿದ್ದ ಬೆಲೂಶ್ಯ ಗುಬ ಈಗ ಸೈನಿಕ ಆಡಳಿತದ ಕೇಂದ್ರ.